ಮಂಡಿಪೇಟೆಗೂ ಬಂದ ಜಾಗತಿಕ ಅಪರಾಧ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತನಾದವನು ನಾನು. ಈಗ ಬೆಳಗ್ಗೆ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿಗೆ ಒರಗಿದರೆ ಯಾರಾದರೊಬ್ಬರು ಫೋನ್ ಹಿಡಿದುಕೊಂಡು ಬಂದೇ ಬರುತ್ತಾರೆ. "ಸಾರ್, ಈ ಮೆಸೇಜ್ ನಿಜಾನಾ?" ಅಲ್ಲಿಂದ ಶುರುವಾದ ಮಾತು ಮ್ಯಾನ್ಮಾರು, ಇಂಟರ್‌ಪೋಲು, ಗಲ್ಲುಶಿಕ್ಷೆ ಎಂದೆಲ್ಲ ಸುತ್ತಿ ಮಿರ್ಚಿ ಮಂಡಕ್ಕಿಯಲ್ಲಿ ಮುಗಿಯುತ್ತದೆ. ಒಂದೇ ಉತ್ತರವನ್ನು ನೂರು ಸಲ ಹೇಳುವ ಬದಲು ಬರೆದಿಡೋಣ ಅನ್ನಿಸಿತು.

ಜಗತ್ತಿನ ಅಪರಾಧಕ್ಕೂ ನಮ್ಮ ಊರಿಗೂ ಏನ್ರಿ ಸಂಬಂಧ?

ಎರಡು ಕಳ್ಳತನಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2024ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ನ್ಯಾಮತಿಯ ಬ್ಯಾಂಕ್ ಶಾಖೆಗೆ ಕನ್ನ ಹಾಕಿ 17 ಕೆ.ಜಿ.ಗೂ ಹೆಚ್ಚು ಅಡವಿನ ಬಂಗಾರ ಹೊತ್ತೊಯ್ದರು. ಕಳ್ಳರು ಗ್ಯಾಸ್ ಕಟರ್ ತಂದಿದ್ದರು, ಕ್ಯಾಮೆರಾದ ಡಿವಿಆರ್ ಸಮೇತ ಕಿತ್ತುಕೊಂಡು ಹೋಗಿದ್ದರು. ಆದರೂ ಸುಮಾರು ಐದು ತಿಂಗಳಲ್ಲಿ ನಮ್ಮ ಪೊಲೀಸರು ಅವರನ್ನು ಹಿಡಿದರು. ಬಂಗಾರದ ದೊಡ್ಡ ಪಾಲು ತಮಿಳುನಾಡಿನ ಒಂದು ಬಾವಿಯೊಳಗೆ ಸಿಕ್ಕಿತು. ಬಂಗಾರಕ್ಕೆ ತೂಕ ಇದೆ ನೋಡಿ, ಎಲ್ಲೋ ಒಂದು ಕಡೆ ಬಚ್ಚಿಡಲೇಬೇಕು.

ಅದೇ ನಿಜಲಿಂಗಪ್ಪ ಬಡಾವಣೆಯ ಒಂದು ಮನೆಯಲ್ಲಿ ಫೋನ್ ರಿಂಗಾಗಿ, ಒಬ್ಬರು ಹೆದರಿ ಹತ್ತು ಲಕ್ಷ ಕಳಿಸಿದರು ಅನ್ನಿ. ಆ ದುಡ್ಡು ಊಟದ ಹೊತ್ತಿಗೆ ಏಳೆಂಟು ಖಾತೆ ದಾಟಿ, ಕ್ರಿಪ್ಟೋ ಎಂಬ ಡಿಜಿಟಲ್ ಹಣವಾಗಿ, ದೇಶ ಬಿಟ್ಟಿರುತ್ತದೆ. ಕೊಲೆಗಾರನ ಜಾಡು ಹಿಡಿದು ಹನ್ನೆರಡು ಕಿಲೋಮೀಟರ್ ಓಡಿದ ನಮ್ಮ ಪೊಲೀಸ್ ನಾಯಿ ತುಂಗಾಳಿಗೂ ಅದರ ವಾಸನೆ ಸಿಗುತ್ತಿರಲಿಲ್ಲ. ಇಲ್ಲಿ ಕಳೆದುಕೊಂಡವರು ನಮ್ಮವರು, ಕದ್ದವನು ಯಾವ ದೇಶದವನೋ ಗೊತ್ತಿಲ್ಲ, ನಡುವೆ ಖಾತೆ ಕೊಟ್ಟವನು ಮತ್ತೆ ನಮ್ಮಂಥ ಊರಿನವನೇ. ಸಂಬಂಧ ಇರುವುದು ಆ ನಡುವಿನವನಲ್ಲಿ.

ಪ್ರಪಂಚದಲ್ಲಿ ಅಪರಾಧ ಜಾಸ್ತಿ ಆಗ್ತಿದೆಯಾ, ಕಡಿಮೆ ಆಗ್ತಿದೆಯಾ?

ಯಾವ ಅಪರಾಧ ಅನ್ನುವುದರ ಮೇಲೆ ಹೋಗುತ್ತದೆ. ಟಿವಿ ನೋಡಿದರೆ ಎಲ್ಲೆಲ್ಲೂ ಕೊಲೆಯೇ ಕಾಣುತ್ತದೆ, ನಿಜ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 4,58,000 ಕೊಲೆಗಳಾದವು, ಅಂದರೆ ಒಂದು ಲಕ್ಷ ಜನಕ್ಕೆ 5.8. ಇದು ಈ ಶತಮಾನದ ಆರಂಭದ ಪ್ರಮಾಣಕ್ಕಿಂತ ಕಡಿಮೆ. ಸತ್ತವರಲ್ಲಿ ನೂರಕ್ಕೆ 81 ಗಂಡಸರು. ಹೆಂಗಸರ ಕಥೆ ಬೇರೆ: ಕೊಲೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೊಂದವರು ಗಂಡ, ಸಂಗಾತಿ ಇಲ್ಲವೇ ಮನೆಯವರು. "ಹೊತ್ತು ಮುಳುಗಿದ ಮೇಲೆ ಹೊರಗೆ ಹೋಗಬೇಡ" ಎಂದು ಮಗಳಿಗೆ ಹೇಳುವ ಮೊದಲು ಈ ಅಂಕಿ ಒಮ್ಮೆ ನೆನೆಸಿಕೊಳ್ಳಬೇಕು.

ವಂಚನೆ ಮಾತ್ರ ಏರುತ್ತಲೇ ಇದೆ. ಭಾರತದಲ್ಲಿ ಸೈಬರ್ ವಂಚನೆಗೆ ಹೋದ ದುಡ್ಡು 2023ರಲ್ಲಿ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ಇದು ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ. ಒಂದೇ ವರ್ಷಕ್ಕೆ ಮೂರು ಪಟ್ಟು! ದೂರು ಕೊಡದೆ ನುಂಗಿಕೊಂಡವರು ಇದರಲ್ಲಿಲ್ಲ.

ಫೋನ್ ಮಾಡೋ ಆ ಕಳ್ಳರು ಯಾರು? ಜಾಮ್ತಾರಾದವರಾ?

ಫೋನ್ ವಂಚನೆಗೆ ಕುಖ್ಯಾತವಾದ ಜಾರ್ಖಂಡಿನ ಜಾಮ್ತಾರಾದ ಹೆಸರು ಹಳೆಯದಾಯಿತು. ದೊಡ್ಡ ಮೊತ್ತದ ಆಟ ಈಗ ಹೆಚ್ಚಾಗಿ ನಡೆಯುವುದು ಆಗ್ನೇಯ ಏಷ್ಯಾದಲ್ಲಿ: ಥಾಯ್ಲೆಂಡ್ ಗಡಿಗೆ ಅಂಟಿಕೊಂಡ ಮ್ಯಾನ್ಮಾರಿನ ಮ್ಯಾವಡಿ, ಕಾಂಬೋಡಿಯಾ, ಲಾವೋಸ್. ಎತ್ತರದ ಗೋಡೆ, ಮುಳ್ಳುತಂತಿ, ಗೇಟಿನಲ್ಲಿ ಬಂದೂಕು, ಒಳಗೆ ಸಾಲು ಸಾಲು ಕಂಪ್ಯೂಟರು. ಇನ್ನೊಂದು ವಿಷಯ ಕೇಳಿದರೆ ಬೆಂಚಿನ ಮೇಲಿನವರು ಸುಮ್ಮನಾಗಿಬಿಡುತ್ತಾರೆ. ಅಲ್ಲಿ ಕೂತು ಫೋನ್ ಮಾಡುವವರಲ್ಲಿ ಎಷ್ಟೋ ಮಂದಿ ತಾವೇ ಮೋಸ ಹೋಗಿ ಸಿಕ್ಕಿಬಿದ್ದವರು. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರಲ್ಲಿ ಅಂದಾಜು ಮಾಡಿದಂತೆ ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಬಲವಂತದ ವಂಚನೆ ಕೆಲಸದಲ್ಲಿದ್ದರು. ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ದಿನಕ್ಕೆ ಇಷ್ಟು "ಗಿರಾಕಿ" ಎಂದು ಗುರಿ, ಮುಟ್ಟದಿದ್ದರೆ ಹೊಡೆತ, ಕರೆಂಟ್ ಶಾಕ್.

2025ರ ಫೆಬ್ರುವರಿಯಲ್ಲಿ ಥಾಯ್ಲೆಂಡ್ ಆ ಗಡಿ ಪ್ರದೇಶಕ್ಕೆ ಹೋಗುತ್ತಿದ್ದ ಕರೆಂಟು, ಇಂಟರ್ನೆಟ್ಟು, ಡೀಸೆಲ್ಲು ನಿಲ್ಲಿಸಿತು. ಸಾವಿರಾರು ಜನ ಹೊರಬಂದರು. ಮಾರ್ಚ್‌ನಲ್ಲಿ ಭಾರತದ ವಾಯುಪಡೆಯ ವಿಮಾನಗಳು ಎರಡು ದಿನದಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ನಿಮಗೆ ಬೈದು ಹೆದರಿಸಿದ ದನಿ ಅವರಲ್ಲೊಬ್ಬರದೇ ಆಗಿದ್ದರೂ ಇರಬಹುದು. ಇದನ್ನು ಹೇಳಿದರೆ ದುಡ್ಡು ಕಳೆದುಕೊಂಡವರಿಗೆ ಸಿಟ್ಟು ಬರುತ್ತದೆ. ಬರಲಿ, ನ್ಯಾಯವಾದ ಸಿಟ್ಟೇ.

ನಮ್ಮ ಹುಡುಗನಿಗೆ ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ ಎಂಬತ್ತು ಸಾವಿರ ಅಂತಾರೆ. ಕಳಿಸಬಹುದಾ?

ಟೂರಿಸ್ಟ್ ವೀಸಾದಲ್ಲಿ ಕರೆದರೆ ಬೇಡ. ಇದಕ್ಕಿಂತ ಉದ್ದದ ಉತ್ತರ ಬೇಕಿಲ್ಲ, ಆದರೂ ಹೇಳುತ್ತೇನೆ. ಬ್ಯಾಂಕಾಕ್‌ನಲ್ಲಿ ಇಳಿಸಿಕೊಂಡು, ಕಾರಿನಲ್ಲಿ ಏಳೆಂಟು ತಾಸು ಗಡಿಯ ಊರು ಮೇ ಸೋಟ್ ಕಡೆ ಒಯ್ದು, ರಾತ್ರಿ ಹೊಳೆ ದಾಟಿಸುತ್ತಾರೆ. ಹೊಳೆಯ ಆಚೆ ದಡ ಮ್ಯಾನ್ಮಾರು.

ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು, ಪರವಾನಗಿ ಸಂಖ್ಯೆ ಇರುತ್ತದೆ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. "ಟೆಲಿಗ್ರಾಂನಲ್ಲೇ ಇಂಟರ್‌ವ್ಯೂ ಆಯ್ತು ಸಾರ್, ಟೈಪಿಂಗ್ ಸ್ಪೀಡ್ ಅಷ್ಟೇ ಕೇಳಿದ್ರು" ಎಂದು ಹರಿಹರದ ಹುಡುಗನೊಬ್ಬ ನನಗೆ ಹೆಮ್ಮೆಯಿಂದ ಹೇಳಿದ. ಎಂಬತ್ತು ಸಾವಿರ ಸಂಬಳ ಕೊಡುವವನು ಬರೀ ಟೈಪಿಂಗ್ ಸ್ಪೀಡ್ ಕೇಳಿ ಬಿಡುತ್ತಾನೇನಪ್ಪಾ ಎಂದೆ. ಅವರಮ್ಮ ಅವತ್ತೇ ಪಾಸ್‌ಪೋರ್ಟ್ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಡಿಜಿಟಲ್ ಅರೆಸ್ಟ್" ಅಂತ ಕಾನೂನಿನಲ್ಲಿ ಇದೆಯಾ?

ಇಲ್ಲ. ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ, "ನಿಮ್ಮನ್ನು ಬಂಧಿಸಿದ್ದೇವೆ, ಫೋನ್ ಇಡಬೇಡಿ" ಎಂದು ಹೆದರಿಸಿ ದುಡ್ಡು ಕೀಳುವ ಮೋಸದ ಹೆಸರು ಅದು. ವಿಡಿಯೋ ಕಾಲ್‌ನಲ್ಲಿ ಯಾರನ್ನೂ ಬಂಧಿಸಲು ಬರುವುದಿಲ್ಲ. ಸಿಬಿಐ, ಇಡಿ, ಕಸ್ಟಮ್ಸ್, ನ್ಯಾಯಾಧೀಶರು ಯಾರೂ ವಾಟ್ಸಾಪ್‌ನಲ್ಲಿ ವಿಚಾರಣೆ ಮಾಡಿ ದುಡ್ಡು ಕೇಳುವುದಿಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಇದನ್ನು ಹೇಳಿದರು. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು.

ಗೊತ್ತಿದ್ದರೂ ಜನ ಯಾಕೆ ಬೀಳುತ್ತಾರೆ? ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಿವೃತ್ತಿಗೆ ಕೆಲವೇ ತಿಂಗಳಿತ್ತು. ಮಧ್ಯಾಹ್ನ ಒಂದೂವರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಟೀಚರಮ್ಮ, ಇಪ್ಪತ್ತು ವರ್ಷದ ಗ್ರಾಹಕರು, ಎರಡು ಎಫ್‌ಡಿ ಬಾಂಡ್ ತಂದು ಕೌಂಟರಿನ ಮೇಲಿಟ್ಟರು. "ಮುರಿಸಿ ಆರ್‌ಟಿಜಿಎಸ್ ಮಾಡಿಕೊಡಿ, ಮಗಳ ಮನೆ ಕೆಲಸಕ್ಕೆ." ಫಾರಂ ನೋಡಿದೆ. ದುಡ್ಡು ಹೋಗಬೇಕಾದದ್ದು ಹೊರರಾಜ್ಯದ ಯಾವುದೋ ಟ್ರೇಡರ್ಸ್ ಹೆಸರಿಗೆ. ಯಾವತ್ತೂ ನಿಂತು ನಾಲ್ಕು ಮಾತಾಡಿ ಹೋಗುವವರು ಅವತ್ತು ನನ್ನ ಮುಖ ನೋಡಲಿಲ್ಲ. ಸೆರಗಿನ ಅಂಚಿನಿಂದ ಇಯರ್‌ಫೋನಿನ ಬಿಳಿ ವೈರು ಇಳಿದು ವ್ಯಾನಿಟಿ ಬ್ಯಾಗಿನೊಳಗೆ ಹೋಗಿತ್ತು.

ವಿತ್‌ಡ್ರಾಯಲ್ ಚೀಟಿಯ ಹಿಂದೆ ಬರೆದೆ: "ಫೋನಿನಲ್ಲಿ ಪೊಲೀಸ್ ಇದ್ದಾರಾ?" ಗಾಜಿನ ಕೆಳಗಿನಿಂದ ದೂಡಿದೆ. ಅವರು ಪೆನ್ನು ತೆಗೆದುಕೊಂಡರು. ಬೋರ್ಡಿನ ಮೇಲೆ ಬರೆದು ಬರೆದು ದುಂಡಗಾದ ಅದೇ ಅಕ್ಷರ, ಆದರೆ ನಡುಗುತ್ತಿತ್ತು: "ಹೌದು. ಮಾತಾಡಬೇಡಿ."

ನಾನು ಜೋರಾಗಿ, ಆ ಫೋನಿಗೂ ಕೇಳುವ ಹಾಗೆ, "ಸರ್ವರ್ ಡೌನ್ ಆಗಿದೆ ಮೇಡಂ, ನಾಳೆ ಬನ್ನಿ" ಎಂದೆ. ಆ ಮಾತು ಹೇಳಿ ಎಷ್ಟು ವರ್ಷ ಜನರಿಂದ ಬೈಸಿಕೊಂಡಿದ್ದೆನೋ! ಅದು ಒಳ್ಳೆಯ ಕೆಲಸಕ್ಕೆ ಬಂದದ್ದು ಅವತ್ತೊಂದೇ ದಿನ. ಅವರನ್ನು ಮ್ಯಾನೇಜರ್ ಕೋಣೆಗೆ ಕರೆದೊಯ್ದು ಫೋನ್ ಸ್ವಿಚ್ ಆಫ್ ಮಾಡಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಫೋನ್ ಆಫ್ ಮಾಡಿದರೆ ಮಗಳನ್ನು ಜೈಲಿಗೆ ಹಾಕುತ್ತಾರೆ ಎಂದು ಅವರು ಪೂರ್ತಿ ನಂಬಿದ್ದರು. ಎರಡು ದಿನದಿಂದ ಊಟ ಮಾಡಿರಲಿಲ್ಲ. ದಡ್ಡತನ ಅನ್ನಬೇಡಿ, ಲೆಕ್ಕದಲ್ಲಿ ನನಗಿಂತ ಚುರುಕಿನವರು. ಮನುಷ್ಯನನ್ನು ಒಂಟಿ ಮಾಡಿ, ನಿದ್ದೆ ಕೆಡಿಸಿದರೆ ಯಾರ ತಲೆಯೂ ಓಡುವುದಿಲ್ಲ. ಆ ಕಳ್ಳರ ಹತ್ತಿರ ಇರುವ ನಿಜವಾದ ಆಯುಧ ಅದೊಂದೇ.

ದುಡ್ಡು ಹೋಗೇಬಿಟ್ಟಿದೆ. ಮೊದಲು ಏನು ಮಾಡಲಿ?

1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ದೂರಿಗೆಂದೇ ಇರುವ ಸರ್ಕಾರದ ಸಹಾಯವಾಣಿ ಅದು. ಅಳಿಯನಿಗಲ್ಲ, ವಕೀಲರಿಗಲ್ಲ, ಮೊದಲು 1930. ಮಾಡುವಾಗ ಖಾತೆ ಸಂಖ್ಯೆ, ಮೊತ್ತ, ಹೋದ ಸಮಯ, ಯುಟಿಆರ್ ನಂಬರ್ ಕೈಯಲ್ಲಿರಲಿ. ಯುಟಿಆರ್ ಅಂದರೆ ಬ್ಯಾಂಕಿನ ಮೆಸೇಜಿನಲ್ಲಿ ಬಂದಿರುವ ವ್ಯವಹಾರದ ಸಂಖ್ಯೆ. ನೀವು ಹೇಳಿದ ತಕ್ಷಣ ದುಡ್ಡು ಹೋದ ಖಾತೆಯ ಬ್ಯಾಂಕಿಗೆ ಸೂಚನೆ ಹೋಗಿ, ಅಲ್ಲಿ ಉಳಿದಷ್ಟು ದುಡ್ಡಿಗೆ ತಡೆ ಬೀಳುತ್ತದೆ. ಅಷ್ಟರಲ್ಲಿ ಮುಂದೆ ಹೋಗಿದ್ದರೆ ಮುಂದಿನ ಖಾತೆಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಇದು ಓಟದ ಪಂದ್ಯ. ಅರ್ಧ ಗಂಟೆಯಲ್ಲಿ ಫೋನ್ ಮಾಡಿದವರಿಗೂ ಮೂರು ದಿನ ಯೋಚಿಸಿ ಬಂದವರಿಗೂ ಅಜಗಜಾಂತರ.

ಆಮೇಲೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ, ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆಗೆ ಹೋಗಿ. "ನಮ್ಮ ಹದ್ದಿಗೆ ಬರಲ್ಲ" ಎಂದು ಯಾವ ಠಾಣೆಯೂ ವಾಪಸ್ ಕಳಿಸುವಂತಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೂನ್ಯ ಎಫ್‌ಐಆರ್‌ಗೆ, ಅಂದರೆ ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಲು, ಅವಕಾಶವಿದೆ. ತಡೆಹಿಡಿದ ದುಡ್ಡು ಬಿಡಿಸಿಕೊಳ್ಳಲು ಹಲವು ಸಲ ಕೋರ್ಟಿನ ಆದೇಶ ಬೇಕಾಗುತ್ತದೆ. ಸ್ವಲ್ಪ ಓಡಾಟ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಎಚ್ಚರಿಕೆ: "ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ, ಐದು ಸಾವಿರ ಫೀಸ್ ಕಟ್ಟಿ" ಎಂದು ಆಮೇಲೆ ಬರುವ ಫೋನ್ ಕೂಡ ಕಳ್ಳರದೇ.

ಖಾತೆ ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ಹತ್ತು ಸಾವಿರ ಕೊಡ್ತಾರಂತೆ. ತಪ್ಪೇನು?

ಈ ಪ್ರಶ್ನೆ ಕೇಳುವವರು ಕಾಲೇಜು ಹುಡುಗರು, ಆಟೋದವರು, ಕೆಲಸವಿಲ್ಲದೆ ಕೂತವರು. ಇಂಥ ಖಾತೆಗೆ ಪೊಲೀಸರ ಭಾಷೆಯಲ್ಲಿ ಮ್ಯೂಲ್ ಖಾತೆ ಎನ್ನುತ್ತಾರೆ. ಮ್ಯೂಲ್ ಅಂದರೆ ಹೇಸರಗತ್ತೆ, ಯಾರದೋ ಮೂಟೆ ಹೊರುವ ಪ್ರಾಣಿ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಒಂದು ಕವರಿನಲ್ಲಿ ಹಾಕಿ ಕೊಟ್ಟುಬಿಡುತ್ತಾರೆ. ಒಂದು ದಿನ ಆ ಖಾತೆಗೆ ಮೂವತ್ತು ಲಕ್ಷ ಬಂದು ಹತ್ತು ನಿಮಿಷದಲ್ಲಿ ಖಾಲಿಯಾಗುತ್ತದೆ. ಆಮೇಲೆ ಯಾವುದೋ ರಾಜ್ಯದ ಪೊಲೀಸ್ ಜೀಪು ಬಂದು ನಿಲ್ಲುವುದು ಇವರ ಮನೆ ಮುಂದೆ. ಮ್ಯಾನ್ಮಾರಿನ ಧಣಿಯ ವಿಳಾಸ ಯಾರಿಗೂ ಗೊತ್ತಿಲ್ಲ, ಹೇಸರಗತ್ತೆಯ ವಿಳಾಸ ಆಧಾರ್ ಕಾರ್ಡಿನಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂನ ಸಂಘಟಿತ ಅಪರಾಧದ ವ್ಯಾಖ್ಯೆಯಲ್ಲಿ ಸೈಬರ್ ಅಪರಾಧವೂ ಸೇರಿದೆ. "ನನಗೇನೂ ಗೊತ್ತಿರಲಿಲ್ಲ ಸಾರ್" ಎಂದರೆ ಬಿಡುತ್ತಾರೆಂಬ ಭರವಸೆ ಬೇಡ.

ನನ್ನನ್ನು ಕೇಳಿದರೆ ಇಡೀ ಜಾಲದ ಅತ್ಯಂತ ದುರ್ಬಲ ಜಾಗ ಇದೇ. ಪಕ್ಕದ ದುರ್ಗದ ಏಳು ಸುತ್ತಿನ ಕೋಟೆಗೆ ಹೈದರನ ಸೈನಿಕರು ನುಸುಳಿದ್ದು ಒಂದು ಕಿಂಡಿಯಿಂದ. ಓಬವ್ವ ಇಡೀ ಕೋಟೆ ಕಾಯಲು ಹೋಗಲಿಲ್ಲ, ಆ ಕಿಂಡಿಯ ಬಾಯಲ್ಲಿ ನಿಂತಳು. ಬಾಡಿಗೆ ಖಾತೆ ಸಿಗದಿದ್ದರೆ ಕಾಂಬೋಡಿಯಾದಲ್ಲಿ ಕೂತವನಿಗೆ ನಮ್ಮ ರೂಪಾಯಿ ಮುಟ್ಟಲು ದಾರಿಯೇ ಕಷ್ಟ.

ಇಂಟರ್‌ಪೋಲ್ ಇದೆಯಲ್ಲ, ಹಿಡಿದುಕೊಂಡು ಬರೋಕೇನು?

ಸಿನಿಮಾ ನೋಡಿ ನಮಗೆಲ್ಲ ಇಂಟರ್‌ಪೋಲ್ ಅಂದರೆ ಹೆಲಿಕಾಪ್ಟರ್‌ನಲ್ಲಿ ಇಳಿಯುವ ಪೊಲೀಸು. 1923ರಲ್ಲಿ ಹುಟ್ಟಿ, ಈಗ ಫ್ರಾನ್ಸಿನ ಲಿಯೋನ್‌ನಲ್ಲಿ ಕಚೇರಿ ಇರುವ, 196 ದೇಶಗಳ ಈ ಸಂಸ್ಥೆ ಯಾರನ್ನೂ ತಾನಾಗಿ ಬಂಧಿಸುವುದಿಲ್ಲ. ಅದು ದೇಶದಿಂದ ದೇಶಕ್ಕೆ ಮಾಹಿತಿ ದಾಟಿಸುವ ಅಂಚೆಮನೆಯ ಹಾಗೆ. ರೆಡ್ ನೋಟಿಸ್ ಕೂಡ ವಾರಂಟ್ ಅಲ್ಲ, "ಇವನು ಕಂಡರೆ ಹಿಡಿದಿಡಿ" ಎಂಬ ಕೋರಿಕೆ. ಹಿಡಿಯಬೇಕೋ ಬೇಡವೋ ಆಯಾ ದೇಶದ ಕಾನೂನಿಗೆ ಬಿಟ್ಟದ್ದು.

ಒಪ್ಪಂದಗಳಿಗೇನೂ ಕೊರತೆಯಿಲ್ಲ. ಗಡಿ ದಾಟಿದ ಸಂಘಟಿತ ಅಪರಾಧದ ವಿರುದ್ಧ ವಿಶ್ವಸಂಸ್ಥೆಯ ಒಪ್ಪಂದ 2000ದಲ್ಲಿ ಬಂತು, ಪಲೆರ್ಮೋ ಒಪ್ಪಂದ ಎಂದೇ ಹೆಸರು. ಭಾರತ 2011ರಲ್ಲಿ ಅನುಮೋದಿಸಿತು. ಸೈಬರ್ ಅಪರಾಧಕ್ಕೆಂದೇ ಇನ್ನೊಂದನ್ನು 2024ರ ಡಿಸೆಂಬರಿನಲ್ಲಿ ಅಂಗೀಕರಿಸಿ, 2025ರ ಅಕ್ಟೋಬರಿನಲ್ಲಿ ಹನೋಯ್‌ನಲ್ಲಿ ಸಹಿಗೆ ಇಟ್ಟರು. 40 ದೇಶ ಅನುಮೋದಿಸಿದ ಮೇಲೆ ಜಾರಿ. ತೊಂದರೆ ವೇಗದ್ದು. ಒಂದು ದೇಶದ ಕೋರ್ಟಿನಿಂದ ಇನ್ನೊಂದು ದೇಶಕ್ಕೆ ಸಾಕ್ಷಿ ಕೇಳುವ ಕಾಗದ ತಿಂಗಳುಗಟ್ಟಲೆ ನಡೆಯುತ್ತದೆ, ದುಡ್ಡು ನಿಮಿಷದಲ್ಲಿ ಓಡುತ್ತದೆ. ಜೊತೆಗೆ ಮ್ಯಾವಡಿಯಂಥ ಜಾಗ ಪೂರ್ತಿ ಸರ್ಕಾರದ ಕೈಯಲ್ಲಿಲ್ಲ, ಸಶಸ್ತ್ರ ಗುಂಪುಗಳ ಹಿಡಿತವೂ ಇದೆ. ನೋಟಿಸು ಯಾರಿಗೆ ಕೊಡುವುದು?

ನಾಲ್ಕು ಜನರನ್ನ ಗಲ್ಲಿಗೇರಿಸಿದರೆ ಎಲ್ಲಾ ಸರಿ ಹೋಗುತ್ತೆ ಅಲ್ವಾ?

ಪಾರ್ಕಿನಲ್ಲಿ ದಿನಾ ಒಬ್ಬರಾದರೂ ಹೀಗೆ ಹೇಳುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಚೀನಾದ ಕೋರ್ಟೊಂದು ಮ್ಯಾನ್ಮಾರಿನ ಲೌಕಾಯ್‌ನಲ್ಲಿ ವಂಚನೆ ಸಾಮ್ರಾಜ್ಯ ನಡೆಸಿದ ಮಿಂಗ್ ಕುಟುಂಬದ ಗುಂಪಿನ 11 ಮಂದಿಗೆ ಮರಣದಂಡನೆ ವಿಧಿಸಿತು. ಆದರೆ ಲೌಕಾಯ್‌ನ ಅಡ್ಡೆಗಳು 2023ರ ಕೊನೆಗೇ ನೆಲಕಚ್ಚಿದ್ದವು. ಆಗ ದಂಧೆ ನಿಂತಿತೇ? ಥಾಯ್ ಗಡಿಯಲ್ಲೂ ಕಾಂಬೋಡಿಯಾದಲ್ಲೂ ಜೋರಾಗಿ ನಡೆಯುತ್ತಲೇ ಇತ್ತು. ಇಲಿಯ ಒಂದು ಬಿಲ ಮುಚ್ಚಿದ ಹಾಗೆ.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಗ್ಯಾಂಗುಗಳನ್ನು ಬಗ್ಗುಬಡಿದ ಉದಾಹರಣೆಯನ್ನು ಓದಿಕೊಂಡವರು ಎತ್ತುತ್ತಾರೆ. ಸುಳ್ಳಲ್ಲ: 2015ರಲ್ಲಿ ಲಕ್ಷಕ್ಕೆ ನೂರು ದಾಟಿದ್ದ ಕೊಲೆ ಪ್ರಮಾಣ, 2024ರಲ್ಲಿ ಸರ್ಕಾರದ ಲೆಕ್ಕದಂತೆ ಎರಡಕ್ಕಿಂತ ಕೆಳಗಿಳಿಯಿತು. 2022ರ ಮಾರ್ಚ್‌ನಲ್ಲಿ ತುರ್ತುಸ್ಥಿತಿ ಹೇರಿ 80,000ಕ್ಕೂ ಹೆಚ್ಚು ಜನರನ್ನು ಒಳಗೆ ಹಾಕಿದರು. ದೇಶದ ಜನಸಂಖ್ಯೆಯೇ ಸುಮಾರು ಅರವತ್ತು ಲಕ್ಷ. ಹಿಡಿದವರಲ್ಲಿ ಸಾವಿರಾರು ಜನರನ್ನು ಸರ್ಕಾರವೇ ಆಮೇಲೆ ಬಿಟ್ಟಿತು. ಬೀದಿ ಶಾಂತವಾದ ಸಂತೋಷ ಅಲ್ಲಿನವರಿಗೆ ಇದೆ, ಅದನ್ನು ಹೀಗಳೆಯಲಾರೆ. ಆದರೆ ಹಚ್ಚೆ ಇದೆ ಎಂಬ ಕಾರಣಕ್ಕೆ ನನ್ನ ಮಗನನ್ನು ಎಳೆದೊಯ್ದು, ಕೋರ್ಟಿಗೂ ತಾರದೆ ಎರಡು ವರ್ಷ ಇಟ್ಟರೆ ನಾನು ಯಾರ ಹತ್ತಿರ ಹೋಗಲಿ?

ಅಪರಾಧಶಾಸ್ತ್ರದವರು ಬಹಳ ಕಾಲದಿಂದ ಹೇಳುತ್ತಿರುವ ಮಾತು ಇದು: ಶಿಕ್ಷೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಅನ್ನುವುದಕ್ಕೆ ಕಳ್ಳ ಹೆದರುತ್ತಾನೆ. ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಇದನ್ನು ಬರೆದಿದ್ದ.

ಹಾಗಾದರೆ ಅಪರಾಧ ಕಡಿಮೆ ಮಾಡಿ ತೋರಿಸಿದ ಊರು ಯಾವುದಾದರೂ ಇದೆಯಾ?

ಇದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ಒಂದು ಕಾಲಕ್ಕೆ ಚೂರಿ ಇರಿತಕ್ಕೆ ಕುಖ್ಯಾತ. 2004-05ರಲ್ಲಿ ಸ್ಕಾಟ್ಲೆಂಡಿನಲ್ಲಿ 137 ಕೊಲೆ. 2005ರಲ್ಲಿ ಅಲ್ಲಿನ ಪೊಲೀಸರು ಹಿಂಸೆ ತಡೆಗೆಂದೇ ಒಂದು ಘಟಕ ತೆರೆದು, ಚೂರಿ ಇರಿತವನ್ನು ಸಾಂಕ್ರಾಮಿಕ ರೋಗದ ಹಾಗೆ ನೋಡತೊಡಗಿದರು. ಗ್ಯಾಂಗಿನ ಹುಡುಗರನ್ನು ಕರೆದು ಒಂದು ಕೈಯಲ್ಲಿ ಎಚ್ಚರಿಕೆ, ಇನ್ನೊಂದು ಕೈಯಲ್ಲಿ ಕೆಲಸ ಕೊಟ್ಟರು. ಹತ್ತು ವರ್ಷದಲ್ಲಿ ಕೊಲೆಗಳು ಅರ್ಧದ ಆಸುಪಾಸಿಗೆ ಬಂದವು. ವೇಲ್ಸಿನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಫರ್ಡ್ ಎಂಬ ಶಸ್ತ್ರಚಿಕಿತ್ಸಕರು ಆಸ್ಪತ್ರೆಗೆ ಬಂದ ಗಾಯಾಳುಗಳಲ್ಲಿ ಎಷ್ಟೋ ಮಂದಿ ಪೊಲೀಸರ ಲೆಕ್ಕದಲ್ಲೇ ಇಲ್ಲವೆಂದು ಕಂಡುಕೊಂಡರು. ಹೊಡೆದಾಟ ಎಲ್ಲಿ, ಎಷ್ಟು ಹೊತ್ತಿಗೆ, ಯಾವುದರಿಂದ ಎಂದು ಹೆಸರು ಬಿಟ್ಟು ಬರೆದು ಪೊಲೀಸರಿಗೆ ಕೊಡತೊಡಗಿದರು. ಪೊಲೀಸರು ಆ ಹೊತ್ತಿಗೆ ಆ ಬೀದಿಯಲ್ಲಿ ನಿಂತರು, ಅಷ್ಟೇ.

ನನಗೆ ಬಹಳ ಇಷ್ಟವಾದದ್ದು ಜರ್ಮನಿಯ ಹೆಲ್ಮೆಟ್ ಕಥೆ. 1980ರಲ್ಲಿ ಹೆಲ್ಮೆಟ್ ಹಾಕದವರಿಗೆ ಸ್ಥಳದಲ್ಲೇ ದಂಡ ಎಂದರು. ಬೈಕ್ ಕಳ್ಳತನ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷದಿಂದ ಆರು ವರ್ಷದಲ್ಲಿ ಐವತ್ತು ಸಾವಿರ ಚಿಲ್ಲರೆಗೆ ಇಳಿಯಿತು. ದಾರಿಯಲ್ಲಿ ಕಂಡ ಬೈಕ್ ಎಗರಿಸುವವನ ಹತ್ತಿರ ಹೆಲ್ಮೆಟ್ ಇರುವುದಿಲ್ಲವಲ್ಲ! ಕಳ್ಳತನ ತಡೆಯಬೇಕೆಂದು ಅದನ್ನು ಯಾರೂ ಮಾಡಿದ್ದೇ ಅಲ್ಲ. ನಮ್ಮ ಅಶೋಕ ರಸ್ತೆಯಲ್ಲಿ ಪೊಲೀಸರನ್ನು ಕಂಡಾಗ ಮಾತ್ರ ಟ್ಯಾಂಕಿನ ಮೇಲಿಂದ ತಲೆಗೇರುವ ಹೆಲ್ಮೆಟ್ ನೋಡಿದಾಗೆಲ್ಲ ಇದು ನೆನಪಾಗುತ್ತದೆ.

ಬಡತನ ಹೋದರೆ ಅಪರಾಧ ಹೋಗುತ್ತಾ?

ಖಾತೆ ಬಾಡಿಗೆ ಕೊಡುವವನ ಕಷ್ಟ ಬಡತನ. ಆ ಖಾತೆ ಬಳಸುವವನದು ಬಡತನವಲ್ಲ. ಎರಡಕ್ಕೂ ಒಂದೇ ಮದ್ದಿಲ್ಲ.

ವಂಚನೆ ತಡೆಯೋಕೆ ಬೇರೆ ದೇಶದ ಬ್ಯಾಂಕುಗಳು ಏನು ಮಾಡ್ತಿವೆ?

ಸಿಂಗಪುರದಲ್ಲಿ ಖಾತೆಯ ಒಂದು ಪಾಲನ್ನು ಬೀಗ ಹಾಕಿಡಬಹುದು. ಆನ್‌ಲೈನಿನಲ್ಲಿ ಅದನ್ನು ಕಳಿಸಲು ಬರುವುದಿಲ್ಲ, ಬೀಗ ತೆಗೆಸಲು ಹೆಚ್ಚಿನ ಪರಿಶೀಲನೆ ದಾಟಬೇಕು. 2025ರ ಜುಲೈ 1ರಿಂದ ಅಲ್ಲಿ ಇನ್ನೊಂದು ಕಾನೂನು ಬಂದಿದೆ. ವಂಚಕನ ಮಾತಿಗೆ ಮರುಳಾಗಿ ಯಾರು ಹೇಳಿದರೂ ಕೇಳದವರ ಖಾತೆಯನ್ನು ಪೊಲೀಸರೇ 30 ದಿನದ ಮಟ್ಟಿಗೆ ತಡೆಯಬಹುದು. ನನ್ನ ದುಡ್ಡು, ನಾನು ಕಳಿಸಿದರೆ ನಿಮಗೇನು ಎಂದು ಕೇಳಬಹುದು. ಟೀಚರಮ್ಮನನ್ನು ಕಂಡವನಿಗೆ ಆ ಪ್ರಶ್ನೆ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಬ್ರಿಟನ್ನಿನದು ಇನ್ನೂ ಗಟ್ಟಿ. 2024ರ ಅಕ್ಟೋಬರ್ 7ರಿಂದ, ಮೋಸ ಹೋಗಿ ತಾವೇ ದುಡ್ಡು ಕಳಿಸಿದವರಿಗೂ ಬ್ಯಾಂಕು 85,000 ಪೌಂಡ್‌ವರೆಗೆ ವಾಪಸ್ ಕೊಡಬೇಕು. ಕೊಡುವ ಹೊರೆ ಅರ್ಧ ದುಡ್ಡು ಕಳಿಸಿದ ಬ್ಯಾಂಕಿಗೆ, ಇನ್ನರ್ಧ ಕಳ್ಳನ ಖಾತೆ ಇಟ್ಟುಕೊಂಡ ಬ್ಯಾಂಕಿಗೆ. ಈ ಎರಡನೇ ಅರ್ಧ ನೋಡಿ ನಾನು ಚಪ್ಪಾಳೆ ತಟ್ಟಿದೆ. ವರ್ಷದ ಕೊನೆಗೆ ಇಷ್ಟು ಹೊಸ ಖಾತೆ ತೆರೆಯಲೇಬೇಕು ಎಂಬ ಟಾರ್ಗೆಟ್ಟಿಗೆ ಬಿದ್ದು ನಾವು ಕಣ್ಣುಮುಚ್ಚಿ ತೆರೆದ ಖಾತೆಗಳು ಎಷ್ಟೋ. ಅದರಿಂದಾದ ನಷ್ಟದಲ್ಲಿ ಪಾಲು ಕಟ್ಟಬೇಕು ಎಂದಿದ್ದರೆ ಫಾರಂ ಇನ್ನೊಮ್ಮೆ ಓದುತ್ತಿದ್ದೆವು.

ಇದನ್ನು ಬೇರೆಯವರ ತಪ್ಪಿನಂತೆ ಹೇಳುವುದು ಸರಿಯಲ್ಲ. ಜಗಳೂರು ಕಡೆಯ ರೈತರೊಬ್ಬರು ಮೆಕ್ಕೆಜೋಳ ಮಾರಿದ ನಾಲ್ಕು ಲಕ್ಷವನ್ನು ಯಾವುದೋ ಟ್ರೇಡಿಂಗ್ ಆ್ಯಪ್‌ನವರಿಗೆ ಕಳಿಸಲು ಬಂದಿದ್ದರು. ಸಂತೆಯ ದಿನ, ಸಾಲು ಬಾಗಿಲಾಚೆಗಿತ್ತು. ಹೆಸರು ವಿಚಿತ್ರವಾಗಿದೆ ಅನ್ನಿಸಿತು, ಕೇಳಲಿಲ್ಲ. ಚೀಟಿಗೆ ಸೀಲು ಹೊಡೆದದ್ದು ನಾನೇ. ಮೂರು ವಾರದ ಮೇಲೆ ಅವರು ಬಂದು ಅದೇ ಕೌಂಟರಿನ ಮುಂದೆ ನಿಂತರು, ಏನೂ ಬೈಯಲಿಲ್ಲ.

ಮನೆಯವರಿಗೆ ಹೇಳೋಕೆ ನಾಚಿಕೆ ಆಗುತ್ತೆ ಸಾರ್. ಹೇಳಲೇಬೇಕಾ?

ಹೇಳಿ. ಮಗನಿಗೆ ಹೇಳಲಾಗದಿದ್ದರೆ ತಂಗಿಗೆ ಹೇಳಿ, ಪಕ್ಕದ ಮನೆಯವರಿಗೆ ಹೇಳಿ. ನನಗಾದರೂ ಹೇಳಿ: ಬೆಳಗ್ಗೆ ಏಳರಿಂದ ಎಂಟೂವರೆ, ನಲ್ಲಿಯ ಪಕ್ಕದ ಬೆಂಚು. ಬರುವಾಗ ಪಾಸ್‌ಬುಕ್ ತನ್ನಿ, ಮೆಸೇಜು ಅಳಿಸದೆ ಫೋನ್ ತನ್ನಿ. ಪಿನ್ನು, ಒಟಿಪಿ ನನಗೂ ಹೇಳಬೇಡಿ.